ಬೇಳೆ ನೆನೆಯುತ್ತದೆ, ಮನಸ್ಸೂ ನೆನೆಯುತ್ತದೆ: ‘ನೆನೆ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪದಗಳ ಹುಟ್ಟು ಹುಡುಕುವ ಚಟ ಇರುವವರ ಹತ್ತಿರ ಜನ ದೊಡ್ಡ ದೊಡ್ಡ ಪದಗಳ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕಾಗದಗಳಲ್ಲಿ ನನಗೆ ಹೆಚ್ಚು ಎದುರಾದದ್ದು ಅಡುಗೆಮನೆಯ ಈ ಪುಟ್ಟ ಕ್ರಿಯಾಪದ. ಒಂದೇ ಉತ್ತರವನ್ನು ಹತ್ತು ಸಲ ಬರೆಯುವ ಬದಲು ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇನೆ.

## ಮೊದಲಿಗೆ ಅರ್ಥ

ನೆನೆಸು ಅಂದರೆ ಒದ್ದೆ ಮಾಡು ಅಂತ ತಾನೆ? ಅದಕ್ಕೆ ಬೇರೆ ಪದ ಯಾಕೆ ಬೇಕು?

ಒದ್ದೆಯಾಗುವುದು ಮೈಮೇಲಿನ ಸಂಗತಿ, ನೆನೆಯುವುದು ಒಳಗಿನದು. ಅಕ್ಕಿ ತೊಳೆದ ತಕ್ಷಣ ಅಕ್ಕಿ ಒದ್ದೆ. ಆದರೆ ‘ಅಕ್ಕಿ ನೆನೆದಿದೆ’ ಅನ್ನಬೇಕಾದರೆ ಕಾಳನ್ನು ಉಗುರಿನಲ್ಲಿ ಒತ್ತಿದಾಗ ಅದು ಪುಡಿಯಾಗಿ ಮುರಿಯಬೇಕು. ನೀರು ಒಳಕ್ಕೆ ಹೋಗಿರಬೇಕು, ಹೋಗಿದ್ದರಿಂದ ವಸ್ತು ಮೆತ್ತಗಾಗಿರಬೇಕು, ಇದಕ್ಕೆಲ್ಲ ಒಂದಿಷ್ಟು ಹೊತ್ತು ಹಿಡಿದಿರಬೇಕು. ಈ ಮೂರೂ ಒಂದೇ ಪದದಲ್ಲಿವೆ.

ಪರೀಕ್ಷೆ ಸುಲಭ. ಕಲ್ಲು ಒದ್ದೆಯಾಗುತ್ತದೆ, ಸ್ಟೀಲ್ ಲೋಟ ಒದ್ದೆಯಾಗುತ್ತದೆ, ಆದರೆ ಎರಡೂ ನೆನೆಯುವುದಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಅನ್ನುವ ಗಾದೆ ನಿಂತಿರುವುದೂ ಈ ವ್ಯತ್ಯಾಸದ ಮೇಲೆಯೇ. ಇಟ್ಟಿಗೆ ಮಾತ್ರ ನೆನೆಯುತ್ತದೆ. ಗಾರೆಯವರು ಗೋಡೆ ಕಟ್ಟುವ ಮುಂಚೆ ಇಟ್ಟಿಗೆಯನ್ನು ತೊಟ್ಟಿಯಲ್ಲಿ ಹಾಕಿ ನೆನೆಸುತ್ತಾರೆ. ಒಣ ಇಟ್ಟಿಗೆ ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಟ್ಟರೆ ಗಾರೆ ಬಲ ಕೂಡಿಕೊಳ್ಳುವುದಿಲ್ಲ. ‘ಇಟ್ಟಿಗೆ ಒದ್ದೆ ಮಾಡಪ್ಪ’ ಅಂದರೆ ಹುಡುಗ ಒಂದು ಮಗ್ ನೀರು ಎರಚಿ ಹೋದಾನು. ‘ನೆನೆಸು’ ಅಂದರೆ ಗುಳ್ಳೆ ಬರುವುದು ನಿಲ್ಲುವವರೆಗೂ ಮುಳುಗಿಸಿಡುತ್ತಾನೆ.

ನೆನೆ, ನೆನೆಸು, ನೆನೆಹಾಕು, ನೆನೆಯಿಡು, ನೆನಾಕು... ಇದರಲ್ಲಿ ಸರಿಯಾದದ್ದು ಯಾವುದು ಸಾರ್?

ಎಲ್ಲವೂ ಸರಿ, ಕೆಲಸ ಬೇರೆ ಬೇರೆ. ‘ನೆನೆ’ ತಾನಾಗಿ ಆಗುವುದು: ಬೇಳೆ ನೆನೆಯುತ್ತದೆ. ‘ನೆನೆಸು’ ಇನ್ನೊಬ್ಬರು ಮಾಡಿಸುವುದು: ಅಮ್ಮ ಬೇಳೆ ನೆನೆಸುತ್ತಾಳೆ. ಮಲಗು–ಮಲಗಿಸು, ಬೆಳೆ–ಬೆಳೆಸು ಇದ್ದ ಹಾಗೆ. ‘ನೆನೆಹಾಕು’, ‘ನೆನೆಯಿಡು’ ಎರಡರಲ್ಲೂ ನೀರಿಗೆ ಹಾಕಿಟ್ಟು ಬಿಟ್ಟುಬಿಡುವ ಭಾವ ಇದೆ. ಬಟ್ಟೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕುತ್ತೇವೆ, ಹಾಕಿ ಬೇರೆ ಕೆಲಸಕ್ಕೆ ಹೋಗುತ್ತೇವೆ. ‘ನೆನಾಕು’ ಹಳೇ ಮೈಸೂರಿನ ಬಾಯಲ್ಲಿ ‘ನೆನೆಹಾಕು’ ಸವೆದು ಆದ ರೂಪ. ಬರೆಯುವಾಗ ಬೇಡ, ಮಾತಾಡುವಾಗ ಧಾರಾಳವಾಗಿ ಅನ್ನಿ.

‘ನೆಂದಿದೆ’ ಅಂದಿದ್ದಕ್ಕೆ ನಮ್ಮ ಮಿಸ್ ‘ನೆನೆದಿದೆ ಅನ್ನು’ ಅಂತ ತಿದ್ದಿದರು. ನೆಂದಿದೆ ತಪ್ಪಾ?

ತಪ್ಪಲ್ಲ. ‘ನೆನೆದ’ದ ನಡುವಿನ ಎಕಾರ ಉದುರಿ ‘ನೆಂದ’ ಆಗಿದೆ. ಬರೆದ ಹೋಗಿ ಬರ್ದ, ಕಳೆದ ಹೋಗಿ ಕಳ್ದ ಆಗುವುದನ್ನು ದಿನಾ ಕೇಳುತ್ತೇವೆ. ನಿಮ್ಮ ಮಿಸ್ ಪರೀಕ್ಷೆಯ ಕನ್ನಡ ನೋಡಿದ್ದಾರೆ. ಆದರೆ ಈ ‘ನೆಂದ’ ಒಂದು ಉಪಕಾರ ಮಾಡಿದೆ. ಏನದು ಅನ್ನುವುದು ಕೆಳಗೆ, ಗೊಂದಲದ ಪ್ರಶ್ನೆಯಲ್ಲಿ ಬರುತ್ತದೆ.

ನಮ್ಮ ಕಡೆ ಮಳ್ಯಾಗ ತೊಯ್ಸಕೊಂಡೆ ಅಂತೀವ್ರಿ. ತೊಯ್ಯೂದು, ನೆನಿಯೂದು ಎರಡೂ ಒಂದ ಏನ್ರಿ?

ಹತ್ತಿರದವು, ಒಂದೇ ಅಲ್ಲ. ತೊಯ್ಯುವುದರಲ್ಲಿ ನೀರು ಮೇಲಿಂದ ಬಂದು ಆವರಿಸುತ್ತದೆ. ಮಳೆಯಲ್ಲಿ ತೊಯ್ದು ತೊಪ್ಪೆಯಾಗುತ್ತೇವೆ, ಬೆವರಿನಲ್ಲಿ ತೊಯ್ಯುತ್ತೇವೆ. ಮೆತ್ತಗಾಗುವ ಮಾತು ಅದರಲ್ಲಿಲ್ಲ. ಧಾರವಾಡದ ಕಡೆಯವರೂ ಕಡಲೆಯನ್ನು ‘ತೊಯ್ಸಿಡು’ ಅನ್ನುವುದಕ್ಕಿಂತ ‘ನೆನಿ ಇಡು’ ಅನ್ನುವುದೇ ಹೆಚ್ಚು. ಮೈಸೂರಿನ ಕಡೆ ಮಳೆಗೂ ನೆನೆಯುವುದೇ, ಕಡಲೆಗೂ ನೆನೆಯುವುದೇ. ಈ ವಿಷಯದಲ್ಲಿ ನಿಮ್ಮ ಕಡೆಯ ಕನ್ನಡ ನಮ್ಮದಕ್ಕಿಂತ ಚುರುಕು ಅಂತ ಒಪ್ಪಿಕೊಳ್ಳುತ್ತೇನೆ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಅಕ್ಕಿಯನ್ನು ‘ಬೊದುಲುಲೆ’ ಹಾಕುತ್ತಾರೆ. ಅದು ಬೇರೆಯದೇ ಪದ.

## ಅಡುಗೆಮನೆಯಿಂದ

ಒಬ್ಬರು ಎರಡು ಗಂಟೆ ಅಂತಾರೆ, ಒಬ್ಬರು ರಾತ್ರಿಯಿಡೀ ಅಂತಾರೆ. ನಿಜವಾಗಿ ಎಷ್ಟು ಹೊತ್ತು ನೆನೆಸಬೇಕು?

ಕಾಳು ಯಾವುದು, ಸಿಪ್ಪೆ ಇದೆಯೋ ಇಲ್ಲವೋ, ನೀರು ಎಷ್ಟು ಬೆಚ್ಚಗಿದೆ, ಈ ಮೂರನ್ನು ನೋಡಬೇಕು. ಕೋಸಂಬರಿಯ ಹೆಸರುಬೇಳೆಗೆ ಒಂದರಿಂದ ಎರಡು ಗಂಟೆ. ಸಿಪ್ಪೆ ತೆಗೆದ ಉದ್ದಿನಬೇಳೆಗೆ 3ರಿಂದ 4 ಗಂಟೆ, ಇಡ್ಲಿ ಅಕ್ಕಿಗೆ 5ರಿಂದ 6. ಸಿಪ್ಪೆ ಇರುವ ಕಡಲೆಕಾಳು, ಕಾಬೂಲ್ ಕಡಲೆ, ರಾಜ್ಮಾ, ಹುರುಳಿಗೆ 8ರಿಂದ 10 ಗಂಟೆ, ಅಂದರೆ ರಾತ್ರಿ ಮಲಗುವಾಗ ಹಾಕಿದರೆ ಬೆಳಗ್ಗೆ ಸರಿ. ಬೇಸಿಗೆಯಲ್ಲಿ ಬೇಗ ನೆನೆಯುತ್ತದೆ, ಬಿಟ್ಟರೆ ಹುಳಿ ವಾಸನೆಯೂ ಬೇಗ ಬರುತ್ತದೆ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ.

ಗಡಿಯಾರಕ್ಕಿಂತ ಬೆರಳು ನಂಬಿಕಸ್ತ. ನಮ್ಮತ್ತೆ ಉದ್ದಿನಬೇಳೆಯ ಪಾತ್ರೆಗೆ ಕೈ ಹಾಕಿ ಒಂದು ಬೇಳೆ ತೆಗೆದು ಹೆಬ್ಬೆರಳಿನ ಉಗುರಿನಿಂದ ಅಡ್ಡಡ್ಡ ಕತ್ತರಿಸುತ್ತಿದ್ದರು. ಕತ್ತರಿಸಿದ ಜಾಗದ ನಡುವೆ ಸುಣ್ಣದಂಥ ಬಿಳಿ ಚುಕ್ಕಿ ಕಂಡರೆ ‘ಇನ್ನೂ ಒಳಗೆ ಒಣಗಿದೆ’ ಅಂತ ಮುಚ್ಚಿಡುತ್ತಿದ್ದರು. ಚುಕ್ಕಿ ಹೋಗಿ ಎಲ್ಲ ಒಂದೇ ಬಣ್ಣವಾದ ಮೇಲೆಯೇ ರುಬ್ಬುವುದು. ಆ ಚುಕ್ಕಿ ನೀರು ತಲುಪದ ಪಿಷ್ಟ. ಅವರು ಪಿಷ್ಟ ಅನ್ನುವ ಪದ ಬಳಸಿದ್ದನ್ನು ನಾನು ಕೇಳಿಲ್ಲ.

ಅವಲಕ್ಕಿ ಬೇರೆಯದೇ ಜಾತಿ. ಅದು ಬತ್ತ ಇರುವಾಗಲೇ ಒಮ್ಮೆ ನೆನೆದು, ಹುರಿಸಿಕೊಂಡು, ಏಟು ತಿಂದು ಚಪ್ಪಟೆಯಾಗಿರುವುದರಿಂದ ಎರಡನೇ ಸಲ ತಡೆಯುವುದಿಲ್ಲ. ಗಟ್ಟಿ ಅವಲಕ್ಕಿ ತೊಳೆದು ಹತ್ತು ನಿಮಿಷ ಬಿಟ್ಟರೆ ಸಾಕು. ತೆಳು ಅವಲಕ್ಕಿಗೆ ನೀರು ಚಿಮುಕಿಸಬೇಕು ಅಷ್ಟೆ. ಮದುವೆಯಾದ ಹೊಸದರಲ್ಲಿ ತೆಳು ಅವಲಕ್ಕಿಯನ್ನು ಅರ್ಧ ಗಂಟೆ ನೆನೆಹಾಕಿ ಗಂಜಿ ಬಡಿಸಿದವನು ಈ ಮಾತು ಹೇಳುತ್ತಿದ್ದಾನೆ.

ರಾತ್ರಿಯೆಲ್ಲ ನೆನೆಸಿದರೂ ನಾಲ್ಕಾರು ಕಾಳು ಕಲ್ಲಿನ ಹಾಗೇ ಉಳಿಯುತ್ತವಲ್ಲ, ಅವು ಕೆಟ್ಟುಹೋಗಿವೆಯಾ?

ಕೆಟ್ಟಿಲ್ಲ, ಬಾಗಿಲು ಹಾಕಿಕೊಂಡಿವೆ. ಕಾಳಿಗೆ ನೀರು ಎಲ್ಲ ಕಡೆಯಿಂದ ಒಂದೇ ಸಮ ನುಗ್ಗುವುದಿಲ್ಲ. ಕಾಯಿಗೆ ಅಂಟಿಕೊಂಡಿದ್ದ ಜಾಗದ ಸಣ್ಣ ಮಚ್ಚೆ ಇದೆಯಲ್ಲ, ಮುಖ್ಯವಾಗಿ ಅಲ್ಲಿಂದ ಒಳಗೆ ಹೋಗುತ್ತದೆ. ಕೆಲವು ಕಾಳುಗಳ ಸಿಪ್ಪೆ ನೀರನ್ನೇ ಬಿಡದಷ್ಟು ಬಿಗಿ. ಗಿಡದ ಮಟ್ಟಿಗೆ ಅದು ಜಾಣತನ: ಎಲ್ಲ ಬೀಜವೂ ಮೊದಲ ಮಳೆಗೇ ಮೊಳೆತು, ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದೆ. ನಮ್ಮ ಹಲ್ಲಿನ ಮಟ್ಟಿಗೆ ಮಾತ್ರ ಅಪಾಯ, ಆರಿಸಿ ತೆಗೆಯಿರಿ.

ಇದರ ಜತೆ ಬೆರೆಸಬಾರದ ಇನ್ನೊಂದು ತೊಂದರೆ ಇದೆ. ಕಾಳು ಚೆನ್ನಾಗಿ ನೆನೆದು ಉಬ್ಬಿರುತ್ತದೆ, ಆದರೆ ಎಷ್ಟು ವಿಷಲ್ ಕೂಗಿಸಿದರೂ ಬೇಯುವುದಿಲ್ಲ. ಸೆಕೆ, ತೇವ ಇರುವ ಕಡೆ ವರ್ಷಗಟ್ಟಲೆ ಇಟ್ಟ ಕಾಳಿನ ಗುಣ ಅದು. ಬೋರ್‌ವೆಲ್ ನೀರು ಗಡುಸಾಗಿದ್ದರೂ ಹಾಗಾಗುತ್ತದೆ. ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿಮಾಡುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದೇ ಪೆಕ್ಟಿನ್ ಸಡಿಲವಾಗುತ್ತದೆ. ಜಾಸ್ತಿ ಹಾಕಿದರೆ ಸಾರು ಸೋಪಿನ ರುಚಿ.

ನೆನೆಸಿದ ನೀರು ಚೆಲ್ಲಬೇಕಾ, ಅದರಲ್ಲೇ ಬೇಯಿಸಬೇಕಾ?

ಕಾಳಿಗೆ ಚೆಲ್ಲಿ. ಹೊಟ್ಟೆಯಲ್ಲಿ ವಾಯು ಮಾಡುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಒಂದಷ್ಟು ಆ ನೀರಿಗೆ ಇಳಿದಿರುತ್ತವೆ. ಜತೆಗೆ ಸ್ವಲ್ಪ ವಿಟಮಿನ್ನೂ ಹೋಗುತ್ತದೆ, ಆ ನಷ್ಟ ತಡೆದುಕೊಳ್ಳಬಹುದು. ರಾಜ್ಮಾಕ್ಕೆ ಮಾತ್ರ ಚೆಲ್ಲುವುದು ಸಾಲದು. ಅದರ ನಂಜಿನ ಅಂಶ ನೆನೆಸುವುದರಿಂದ ಹೋಗುವುದಿಲ್ಲ, ಕನಿಷ್ಠ 10 ನಿಮಿಷ ಕೊತಕೊತ ಕುದಿಯಲೇಬೇಕು. ನೆನೆಸಿದ ರಾಜ್ಮಾವನ್ನು ಅರೆಬೇಯಿಸಿ ಸಲಾಡಿಗೆ ಹಾಕುವ ಸಾಹಸ ಬೇಡ. ಉದ್ದಿನಬೇಳೆ ನೀರು ರುಬ್ಬಲಿಕ್ಕೇ ಬೇಕು ಅನ್ನುವ ಮನೆಗಳಿವೆ, ನಮ್ಮದೂ ಹಾಗೇ.

ಉಪ್ಪಿನಕಾಯಿ ಮಿಡಿಯನ್ನು ಉಪ್ಪಿನಲ್ಲಿ ನೆನೆಹಾಕಿದೆ ಅನ್ನಬಹುದಾ?

ಅನ್ನುವುದಿಲ್ಲ, ಯಾಕೆಂದರೆ ಅಲ್ಲಿ ನಡೆಯುವುದು ತದ್ವಿರುದ್ಧ. ಉಪ್ಪು ಮಿಡಿಯ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಮಿಡಿ ಸುರುಟುತ್ತದೆ. ಜಾಮೂನು ಪಾಕದಲ್ಲಿ ನೆನೆಯುತ್ತದೆ, ಮೊಸರಿನಲ್ಲಿ ವಡೆ ನೆನೆಯುತ್ತದೆ, ಮಿಡಿ ಉಪ್ಪಿನಲ್ಲಿ ಸುರುಟುತ್ತದೆ.

ಹಬ್ಬದ ‘ನೆನೆಗಡಲೆ’ಯಲ್ಲಿರುವ ನೆನೆ ಇದೇನಾ?

ಇದೇ. ನಾಗರಪಂಚಮಿಗೆ ಚಿಗಳಿ, ತಂಬಿಟ್ಟಿನ ಜತೆ ಇಡುವ ನೆನೆಸಿದ ಕಡಲೆ. ‘ನೆನೆಯಕ್ಕಿ’ಯೂ ಹೀಗೆಯೇ ಆದ ಪದ. ನೆನೆ + ಕಡಲೆ ಸೇರುವಾಗ ಕಕಾರ ಗಕಾರವಾಗಿದೆ. ಈ ಗಕಾರವನ್ನು ನೆನಪಿಡಿ, ಮುಂದೆ ಒಂದು ಜಗಳದಲ್ಲಿ ಬೇಕಾಗುತ್ತದೆ.

## ಪದದ ಹುಟ್ಟು

ದೇವರನ್ನು ನೆನೆಯೋದು, ಬೇಳೆ ನೆನೆಯೋದು ಎರಡೂ ಒಂದೇ ಪದ ಅಲ್ವಾ? ಮನಸ್ಸು ನೆನಪಲ್ಲಿ ತೋಯುತ್ತೆ ಅಂತ ಎಷ್ಟು ಚೆಂದ!

ಚೆಂದ ಹೌದು, ನಿಜ ಅಲ್ಲ. ಈ ಪ್ರಶ್ನೆ ಕೇಳಿದವರಲ್ಲಿ ಕವಿಗಳೇ ಹೆಚ್ಚು, ಆದ್ದರಿಂದ ಹೇಳುವುದಕ್ಕೆ ಸ್ವಲ್ಪ ಸಂಕಟ. ಇವು ಎರಡು ಬೇರೆ ಬೇರೆ ಧಾತುಗಳು. ಬೇರೆ ಬೇರೆ ಊರಿನಿಂದ ಹೊರಟು ಒಂದೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿವೆ.

ಗುರುತು ಹಿಡಿಯಲು ತಮಿಳಿನ ಕಡೆ ನೋಡಬೇಕು. ಅಲ್ಲಿ ‘ನಿನೈ’ ಅಂದರೆ ಯೋಚಿಸು, ನೆನಪಿಸಿಕೊ. ‘ನನೈ’ ಅಂದರೆ ನೀರಿನಲ್ಲಿ ನೆನೆ. ಮೊದಲ ಸ್ವರದಲ್ಲೇ ವ್ಯತ್ಯಾಸ ಇದೆ, ಅವರಿಗೆ ಗೊಂದಲವೇ ಇಲ್ಲ. ಕನ್ನಡ ತಮಿಳಿನಿಂದ ಇವನ್ನು ತಂದಿತು ಅಂತ ಅರ್ಥವಲ್ಲ. ಎರಡೂ ಭಾಷೆಗೆ ಇವು ಹಿರಿಯರ ಆಸ್ತಿ. ಹಳೆಯ ಸ್ವರ ತಮಿಳಿನಲ್ಲಿ ಉಳಿದಿದೆ, ಕನ್ನಡದಲ್ಲಿ ಬದಲಾಗಿದೆ.

ಬದಲಾವಣೆಗೆ ಲೆಕ್ಕ ಇದೆ. ಪದದ ಕೊನೆಯ ಐಕಾರ ಕನ್ನಡದಲ್ಲಿ ಎಕಾರ ಆಗುತ್ತದೆ: ತಲೈ–ತಲೆ, ಮಲೈ–ಮಲೆ. ಮೊದಲಕ್ಷರದ ಇಕಾರದ ಮುಂದೆ ಅಕಾರವೋ ಐಕಾರವೋ ಇದ್ದರೆ ಆ ಇಕಾರವೂ ಎಕಾರ ಆಗುತ್ತದೆ: ಇಲೈ–ಎಲೆ, ನಿಲಂ–ನೆಲ, ವಿರಲ್–ಬೆರಳು. ಈಗ ‘ನಿನೈ’ಯನ್ನು ಈ ದಾರಿಯಲ್ಲಿ ನಡೆಸಿ. ನೇರವಾಗಿ ‘ನೆನೆ’ಗೆ ಬಂದು ನಿಲ್ಲುತ್ತದೆ. ‘ನನೈ’ಯನ್ನು ನಡೆಸಿದರೆ ಬರಬೇಕಾದದ್ದು ‘ನನೆ’. ಬಂದೂ ಇದೆ. ನೀರಿನ ಅರ್ಥದ ‘ನನೆ’ ಕನ್ನಡದ ಹಳೆಯ ರೂಪಗಳಲ್ಲೊಂದು. ಆಮೇಲೆ ಎರಡನೇ ಅಕ್ಷರದ ಎಕಾರ ಮೊದಲನೆಯದನ್ನೂ ತನ್ನ ಕಡೆ ಎಳೆದುಕೊಂಡು ‘ನನೆ’ಯೂ ‘ನೆನೆ’ ಆಯಿತು. ಅಲ್ಲಿಗೆ ಬೇಳೆ, ದೇವರು ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು.

ನೆನಪಿನ ‘ನೆನೆ’ ಸಾವಿರ ವರ್ಷದ ಹಿಂದೆಯೇ ಇದೇ ರೂಪದಲ್ಲಿತ್ತು. ಹತ್ತನೇ ಶತಮಾನದ ಪಂಪ ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅಂದಾಗ ಅವನ ಮನಸ್ಸು ಬನವಾಸಿಯನ್ನು ನೆನೆಯುತ್ತಿದೆ, ಬನವಾಸಿಯ ಮಳೆಯಲ್ಲಿ ನೆನೆಯುತ್ತಿಲ್ಲ. ಬನವಾಸಿಯ ಮಳೆ ಕಂಡವರಿಗೆ ಎರಡನೆಯದೂ ಹೊಂದೀತು ಅನ್ನಿಸಿದರೆ ತಪ್ಪಿಲ್ಲ. ಶ್ಲೇಷೆ ಮಾಡಿ, ಕವಿತೆ ಬರೆಯಿರಿ. ವ್ಯುತ್ಪತ್ತಿ ಅಂತ ಮಾತ್ರ ಬರೆಯಬೇಡಿ.

ಎರಡು ಪದ ಒಂದೇ ಥರ ಆದರೆ ಮಾತಾಡುವಾಗ ಗೊಂದಲ ಆಗಲ್ವಾ?

ಆಗಬೇಕಿತ್ತು, ಆಗಿಲ್ಲ. ವ್ಯಾಕರಣ ಸದ್ದಿಲ್ಲದೆ ಇಬ್ಬರ ನಡುವೆ ಗೋಡೆ ಎಬ್ಬಿಸಿದೆ.

ನೆನಪಿನ ನೆನೆಗೆ ಕರ್ಮ ಬೇಕು: ಯಾರನ್ನೋ, ಯಾವುದನ್ನೋ ನೆನೆಯಬೇಕು. ನೀರಿನ ನೆನೆಗೆ ಜಾಗ ಬೇಕು: ಮಳೆಯಲ್ಲಿ, ಹಾಲಿನಲ್ಲಿ. ‘ಅವಳನ್ನು ನೆನೆದೆ’, ‘ಮಳೆಯಲ್ಲಿ ನೆನೆದೆ’ ಅಂದರೆ ಒಂದು ವಿಭಕ್ತಿ ಪ್ರತ್ಯಯ ಇಡೀ ಕಥೆ ಹೇಳಿಬಿಡುತ್ತದೆ. ‘ನೆನೆಸು’ ಬಂದಾಗ ಕಷ್ಟ ಹೆಚ್ಚು, ಯಾಕೆಂದರೆ ಅದಕ್ಕೂ ಕರ್ಮ ಇದೆ. ಅಲ್ಲಿ ಕೆಲಸಕ್ಕೆ ಬರುವುದು ‘ಕೊಳ್ಳು’. ನೆನಪಿಗೆ ‘ನೆನೆಸಿಕೊ’, ಬೇಳೆಗೆ ಬರೀ ‘ನೆನೆಸು’. ನೆನಪು, ನೆನಹು, ನೆನವರಿಕೆ ಅಂತ ನಾಮಪದಗಳ ಸಂಸಾರವೆಲ್ಲ ಬೆಳೆದದ್ದು ಒಂದೇ ಕಡೆ. ನೀರಿನ ನೆನೆಗೆ ಹೇಳಿಕೊಳ್ಳುವಂಥ ನಾಮಪದವೇ ಇಲ್ಲ. ಇನ್ನು ಮೇಲೆ ಹೇಳಿದ ‘ನೆಂದ’. ಅಕ್ಕಿ ನೆಂದಿದೆ, ಮಳೆಯಲ್ಲಿ ನೆಂದುಬಂದ ಅನ್ನುತ್ತೇವೆ. ‘ದೇವರನ್ನು ನೆಂದ’ ಅಂದವರನ್ನು ನಾನು ಕಂಡಿಲ್ಲ. ಮಿಸ್ ತಿದ್ದಿದ ಆ ಸವೆದ ರೂಪ ನೀರಿಗೆ ಮಾತ್ರ ಮೀಸಲಾಗಿ, ಕಳೆದುಹೋಗಿದ್ದ ವ್ಯತ್ಯಾಸವನ್ನು ವಾಪಸ್ ತಂದಿದೆ.

ಇಷ್ಟಾದರೂ ಒಮ್ಮೆ ಎಡವಿದ್ದುಂಟು. ಊರಿಂದ ಅಮ್ಮ ಫೋನ್ ಮಾಡಿ ‘ನಾಳೆಗೆ ಕಡ್ಲೆ ನೆನೆಸ್ದ್ಯೇನೋ?’ ಅಂದಳು. ‘ಹ್ಞೂಂ ಕಣಮ್ಮ, ಆಫೀಸಲ್ಲೇ ನೆನೆಸ್ಕೊಂಡೆ’ ಅಂದೆ. ‘ನೆನೆಸ್ಕೊಂಡ್ರೆ ಬೇಯತ್ತೇನೋ?’ ಅಂತ ಇಟ್ಟಳು.

ತೆಲುಗಿನ ನಾನಬೆಟ್ಟಡಂ ನಮ್ಮ ನೆನೆಸುವುದಕ್ಕೆ ಸಂಬಂಧವಾ?

ಸಂಬಂಧವೇ. ತೆಲುಗಿನಲ್ಲಿ ‘ನಾನು’ ಅಂದರೆ ನೆನೆ, ‘ನಾನಬೆಟ್ಟು’ ಅಂದರೆ ನೆನೆಹಾಕು. ಹಳಗನ್ನಡದಲ್ಲೂ ‘ನಾನ್’ ಎಂಬ ಧಾತು ಇತ್ತು. ‘ನಾಂದು’ ಅಂದರೆ ನೆನೆದು, ತೊಯ್ದು. ನಮ್ಮಲ್ಲಿ ಅದು ಹೊರಟುಹೋಯಿತು. ‘ನಾನು’ ಅನ್ನುವುದಕ್ಕೆ ನಮಗೆ ಬೇರೆ ಕೆಲಸ ಇದ್ದದ್ದೂ ಒಂದು ಕಾರಣ ಇರಬೇಕು. ಮಲಯಾಳದ ‘ನನಯುಕ’ ಕೂಡ ಇದೇ ಮನೆತನ. ಆದರೆ ಅಕ್ಕಿ ಬೇಳೆಗೆ ಮಲಯಾಳಿಗಳು ‘ಕುದಿರ್ಕುಕ’ ಅನ್ನುತ್ತಾರೆ, ತಮಿಳರು ‘ಊಱವೈ’ ಅನ್ನುತ್ತಾರೆ. ಈ ತಮಿಳು ಪದದ ‘ಊಱು’ ನಮ್ಮಲ್ಲೂ ಇದೆ: ಬಾವಿಯಲ್ಲಿ ನೀರು ಊರುತ್ತದೆ, ಬಾಯಲ್ಲಿ ನೀರೂರುತ್ತದೆ. ತಮಿಳಿನ ‘ಊಱುಗಾಯ್’, ಅಂದರೆ ಉಪ್ಪಿನಕಾಯಿ, ಅಕ್ಷರಶಃ ಊರಿದ ಕಾಯಿ. ಕೊಂಕಣಿ, ಮರಾಠಿಯ ‘ಭಿಜ್’ ಮಾತ್ರ ಬೇರೆ ವಂಶ, ಹಿಂದಿಯ ‘ಭಿಗೋನಾ’ದ ನೆಂಟ.

‘ನನೆ’ ಅಂದರೆ ಮೊಗ್ಗು ಅಂತ ಓದಿದ್ದೆ. ನೀವು ನೀರಿನ ಅರ್ಥ ಹೇಳ್ತೀರಿ?

ಎರಡೂ ಇದ್ದವು. ಮೊಗ್ಗಿನ ‘ನನೆ’ ಕಾವ್ಯದಲ್ಲಿ ಉಳಿಯಿತು. ಮನ್ಮಥನ ಹೂಬಾಣ ‘ನನೆಗಣೆ’. ನೀರಿನದು ‘ನೆನೆ’ಯಾಗಿ ಅಡುಗೆಮನೆ ಸೇರಿತು.

## ಇನ್ನೂ ಆಳಕ್ಕೆ

‘ಕಾಮಗಾರಿ ನೆನೆಗುದಿಗೆ ಬಿದ್ದಿದೆ’ ಅಂತ ಪೇಪರಲ್ಲಿ ಬರುತ್ತಲ್ಲ, ಅದು ನೆನೆಹಾಕಿ ಮರೆತುಬಿಟ್ಟಿದ್ದಾರೆ ಅಂತಲೇ?

ಜಗಳ ಅಂದದ್ದು ಇದಕ್ಕೆ. ನೆನೆ + ಕುದಿ, ನೆನೆಗಡಲೆಯಲ್ಲಿ ಆದಂತೆ ಕಕಾರ ಗಕಾರ. ಅಷ್ಟರಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಯಾವ ನೆನೆ ಅನ್ನುವುದರಲ್ಲಿ ತಕರಾರು. ನೀರಿನದು ಅನ್ನುವವರು ‘ನೆನೆಯುವುದಕ್ಕೂ ಕುದಿಯುವುದಕ್ಕೂ ನಡುವೆ ಸಿಕ್ಕಿಕೊಂಡದ್ದು’ ಅಂತ ಬಿಡಿಸುತ್ತಾರೆ. ನನ್ನ ಒಲವು ನೆನಪಿನ ಕಡೆ. ಕನ್ನಡದಲ್ಲಿ ಮನಸ್ಸಿಗೆ ಕುದಿ ಬಹಳ ಹಳೆಯದು: ಒಳಗೊಳಗೇ ಕುದಿಯುತ್ತೇವೆ, ಹೊಟ್ಟೆ ಕುದಿಯುತ್ತದೆ. ನೆನೆನೆನೆದು ಕುದಿಯುವುದು, ತೀರ್ಮಾನಕ್ಕೆ ಬಾರದ ಚಿಂತೆ, ಅಲ್ಲಿಂದ ತೀರ್ಮಾನವಾಗದ ಕೆಲಸ. ಈ ದಾರಿ ನನಗೆ ನೇರ ಕಾಣುತ್ತದೆ.

ಆದರೂ ನೀರಿನ ಪಕ್ಷದವರನ್ನು ನಗುವಂತಿಲ್ಲ. ಮರಾಠಿಯಲ್ಲಿ ಇದೇ ಅರ್ಥಕ್ಕೆ ‘ಭಿಜತ್ ಘೋಂಗಡೆ’ ಅನ್ನುತ್ತಾರೆ, ನೆನೆಹಾಕಿಟ್ಟ ಕಂಬಳಿ. ಒಗೆಯುವವರೂ ಇಲ್ಲ, ಎತ್ತಿ ಹಿಂಡುವವರೂ ಇಲ್ಲ. ನಮ್ಮೂರಿನ ಕೆರೆ ಕೋಡಿಯ ಸೇತುವೆ ನೋಡಿದಾಗಲೆಲ್ಲ ನನಗೆ ಮರಾಠಿಯವರ ಕಂಬಳಿಯೇ ಸರಿ ಅನ್ನಿಸುತ್ತದೆ.

ಆಯುರ್ವೇದ ಓದುತ್ತಿದ್ದೇನೆ. ನಮ್ಮಲ್ಲಿ ‘ಭಾವನೆ ಕೊಡುವುದು’ ಅಂದರೆ ಚೂರ್ಣವನ್ನು ರಸದಲ್ಲಿ ನೆನೆಸಿ ಅರೆಯುವುದು. ಅಲ್ಲೂ ಮನಸ್ಸು-ನೀರು ಬೆರೆತಿದೆಯಲ್ಲ?

ನನಗೆ ಬಂದ ಪ್ರಶ್ನೆಗಳಲ್ಲೇ ಇದು ಮೇಲು. ಸಂಸ್ಕೃತದ ‘ಭಾವನಾ’ಕ್ಕೆ ಚಿಂತನೆ ಎಂಬ ಅರ್ಥವೂ ಇದೆ, ದ್ರವದಲ್ಲಿ ನೆನೆಸಿ ಗುಣ ಹತ್ತಿಸುವುದು ಎಂಬ ಅರ್ಥವೂ ಇದೆ. ಆದರೆ ಅಲ್ಲಿ ಧಾತು ಒಂದೇ: ‘ಭೂ’, ಆಗು. ಆಗುವಂತೆ ಮಾಡುವುದು ಭಾವನೆ. ಔಷಧ ರಸದ ಗುಣದ್ದಾಗುತ್ತದೆ, ಮನಸ್ಸು ಧ್ಯಾನಿಸಿದ್ದರ ಗುಣದ್ದಾಗುತ್ತದೆ. ಸಂಸ್ಕೃತದಲ್ಲಿ ಒಂದು ಬೇರಿನಿಂದ ಎರಡು ಕೊಂಬೆ, ಕನ್ನಡದಲ್ಲಿ ಎರಡು ಬೇರು ಒಂದು ಕೊಂಬೆ. ನಿಮ್ಮ ಪಂಚವಿಧ ಕಷಾಯಗಳಲ್ಲಿ ‘ಹಿಮ’ ನಮ್ಮ ಅಡುಗೆಮನೆಯ ನೆನೆಹಾಕುವುದಕ್ಕೆ ತೀರಾ ಹತ್ತಿರ: ತಣ್ಣೀರಿನಲ್ಲಿ ರಾತ್ರಿ ಇಟ್ಟು ಬೆಳಗ್ಗೆ ಸೋಸಿ ಕುಡಿಯುವುದು. ಬಿಸಿನೀರಿನಲ್ಲಿ ಹಾಕಿಟ್ಟು ಸೋಸುವ ‘ಫಾಂಟ’ ಅಂದರೆ ಹೆಚ್ಚುಕಡಿಮೆ ಚಹಾ.

ಅನುವಾದ ಮಾಡುತ್ತೇನೆ. ಸೋಕ್, ಸ್ಟೀಪ್, ಮ್ಯಾಸರೇಟ್, ರೆಟ್ ಎಲ್ಲಕ್ಕೂ ‘ನೆನೆಸು’ ಅಂತಲೇ ಬರೆಯಲಾ?

ಸೋಕ್‌ಗೆ ಕಣ್ಣುಮುಚ್ಚಿ ಬರೆಯಿರಿ. ಸ್ಟೀಪ್‌ನಲ್ಲಿ ಗಮನ ಇರುವುದು ವಸ್ತುವಿನ ಮೇಲಲ್ಲ, ಅದರಿಂದ ನೀರಿಗೆ ಇಳಿಯುವ ಸಾರದ ಮೇಲೆ. ‘ಚಹಾಪುಡಿ ನೆನೆಸಿ’ ಅಂದರೆ ಓದುಗ ಚಹಾಪುಡಿ ತಿನ್ನುವುದಕ್ಕೆ ಕಾಯುತ್ತಾನೆ. ‘ಬಿಸಿನೀರಿಗೆ ಹಾಕಿ ಸಾರ ಇಳಿಯಲು ಬಿಡಿ’ ಅನ್ನುವುದು ಮೇಲು. ಮ್ಯಾಸರೇಟ್ ಲ್ಯಾಟಿನ್ನಿನ ಮೆತ್ತಗಾಗಿಸು ಎಂಬ ಧಾತುವಿನಿಂದ ಬಂದದ್ದು. ಅರ್ಥದಲ್ಲಿ ಅದೇ ನಮ್ಮ ‘ನೆನೆಸು’ವಿಗೆ ಅತಿ ಹತ್ತಿರ. ಆದರೆ ಹಣ್ಣಿಗೆ ಸಕ್ಕರೆ ಬೆರೆಸಿ ರಸ ಬಿಡಿಸುವ ಕಡೆ ಅದನ್ನು ಬಳಸಿದ್ದರೆ ‘ರಸ ಬಿಡುವವರೆಗೆ ಇಡಿ’ ಅನ್ನಿ. ಮಿಡಿಯ ಲೆಕ್ಕವೇ ಅದಕ್ಕೂ.

ರೆಟ್‌ಗೆ ಮಾತ್ರ ‘ನೆನೆಸು’ ಬೇಡವೇ ಬೇಡ, ಅದಕ್ಕೆ ಕನ್ನಡದಲ್ಲಿ ‘ಕೊಳೆಹಾಕು’ ಇದೆ. ಪುಂಡಿ, ಸೆಣಬಿನ ದಂಟುಗಳನ್ನು ಹಳ್ಳದಲ್ಲಿ ಹೂತು ಮೇಲೆ ಕಲ್ಲು ಹೇರಿ ಬಿಡುತ್ತಾರೆ. ಎರಡು ಮೂರು ವಾರದಲ್ಲಿ ನೀರಿನ ಬ್ಯಾಕ್ಟೀರಿಯಾ ನಾರನ್ನು ಹಿಡಿದಿಟ್ಟ ಪೆಕ್ಟಿನ್ ತಿಂದು ಮುಗಿಸುತ್ತದೆ, ನಾರು ಬಿಚ್ಚಿಕೊಳ್ಳುತ್ತದೆ. ಕತ್ತದ ನಾರಿಗಾಗಿ ಕೇರಳದ ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆ ಹೂಳುತ್ತಾರಲ್ಲ, ಅದು ಆರು ತಿಂಗಳು ಮೀರುತ್ತದೆ. ಆ ನೀರಿನ ವಾಸನೆ ಒಮ್ಮೆ ಮೂಗಿಗೆ ಬಡಿದವರು ಅದಕ್ಕೆ ‘ನೆನೆಸುವುದು’ ಅಂತ ಬರೆಯಲಾರರು.